ಆನೆಯ ಸೊಂಡಿಲು, ಕಾರಿನ ಮೂಗು

ಶನಿವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ನಾನು ಘೋಷಿಸಿದೆ: "ಇವತ್ತು ಕಾರಿಗೆ ಹೊಸ ಮೂಗು ಹಾಕ್ತೀನಿ. ಯಾರ ಸಹಾಯವೂ ಬೇಡ!"

ನನ್ನವರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಅವರದು ಔಷಧದ ಅಂಗಡಿ. ಮೂಗು ಎಂದವರಿಗೆಲ್ಲ ಅವರ ಉತ್ತರ ಒಂದೇ.

"ದಿನಕ್ಕೆ ಮೂರು ಸಲ, ಎರಡೆರಡು ಹನಿ."

"ತಮಾಷೆ ಅಲ್ಲ ರೀ. ಅದಕ್ಕೆ ಉಸಿರು ಸಾಲ್ತಿಲ್ಲ."

"ಅದಕ್ಕೆ ಆಯಸ್ಸು ಸಾಲ್ತಿಲ್ಲ. ನಾಳೆ ಹನ್ನೊಂದಕ್ಕೆ ಗುಜರಿಯವನು ಬರ್ತಾನೆ. ಮಾತು ಅಂದ್ರೆ ಮಾತು."

ಆ ಮಾತು ಹೀಗಿತ್ತು. ನಮ್ಮ ಮನೆಯಿಂದ ಹೊರಟರೆ ಮೊದಲು ಎದುರಾಗುವುದೇ ನೀರಿನ ಟ್ಯಾಂಕಿನ ದಿಬ್ಬ. ನಾಲ್ಕು ಜನ ಕೂತರೆ ಕಾರು ಅರ್ಧ ದಿಬ್ಬಕ್ಕೇ ಏದುಸಿರು ಬಿಡುತ್ತದೆ. ಆಗ ಅತ್ತೆ ಯಾರೂ ಹೇಳದೆಯೇ ಬಾಗಿಲು ತೆಗೆದು ಇಳಿಯುತ್ತಾರೆ, ಚಪ್ಪಲಿ ಸರಿಮಾಡಿಕೊಂಡು ನಡೆಯುತ್ತಾರೆ, ಮೇಲೆ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಕಾಯುತ್ತಾರೆ. ನಾವು ತಲುಪಿದಾಗ, "ಬಂದ್ರಾ? ನಂದು ಒಂದು ನಿದ್ದೆ ಆಯ್ತು" ಎನ್ನುತ್ತಾರೆ. ಏಳು ವರ್ಷದಿಂದ ಇದೇ ನಮ್ಮ ಸಂಚಾರ ಪದ್ಧತಿ. ಭಾನುವಾರ ಯಾರೂ ಇಳಿಯದೆ ಕಾರು ದಿಬ್ಬ ಹತ್ತಿದರೆ ಉಳಿಯುತ್ತದೆ, ಹತ್ತದಿದ್ದರೆ ಗುಜರಿಗೆ.

ಆದರೆ ಅದು ಅಪ್ಪನ ಕಾರು! ಮೂವತ್ತು ವರ್ಷ ಊರೂರಿಗೆ ಬಸ್ಸು ಓಡಿಸಿದ ಅಪ್ಪ ತನಗೆಂದು ಕೊಂಡ ಒಂದೇ ಒಂದು ಗಾಡಿ. ನನಗೆ ಕಾಲೇಜಿನಲ್ಲಿ ಕೆಲಸ ಸಿಕ್ಕಾಗ ಅದರ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, ಮುಖ ಆಚೆ ತಿರುಗಿಸಿಕೊಂಡು, "ಬ್ರೇಕ್ ಚೆನ್ನಾಗಿದೆ" ಎಂದಷ್ಟೇ ಹೇಳಿದ್ದರು. ಅವರ ಕೈಯಲ್ಲಿ ಕುದುರೆಯಾಗಿದ್ದದ್ದು ನನ್ನ ಕೈಗೆ ಬಂದ ದಿನದಿಂದ ಮುದಿ ಎಮ್ಮೆಯಾಯಿತು. ಎಲ್ಲಿ ಕೆಡಿಸಿದೆ, ಹೇಗೆ ಕೆಡಿಸಿದೆ ಎಂಬ ಕೊರಗು ಮಾತ್ರ ನನ್ನಲ್ಲಿ ಮುದಿಯಾಗಲಿಲ್ಲ.

ಸಮಾಧಾನ ಒಂದಿತ್ತು. "ಮೇಡಂ ಎಷ್ಟು ತಾಳ್ಮೆಯಿಂದ ಓಡಿಸ್ತಾರೆ!" ಎಂದು ಬೀದಿಯೆಲ್ಲ ಹೊಗಳುತ್ತಿತ್ತು. ಒಂದು ದಿನವೂ ವೇಗ ಮೀರಿದವಳಲ್ಲ ನಾನು. "ಅದು ಹುಟ್ಟಿನಿಂದ ಬರಬೇಕು" ಎಂದು ಸಹೋದ್ಯೋಗಿಗಳಿಗೆ ವಿನಯದಿಂದ ತಿಳಿಸುತ್ತಿದ್ದೆ.

ಮೆಕ್ಯಾನಿಕ್‌ಗೆ ತೋರಿಸಿಯಾಗಿತ್ತು. ಅವನು ಬಾನೆಟ್ ಎತ್ತಿ, ಒಳಗೇ ಕೈಹಾಕಿ ಆಕ್ಸಿಲರೇಟರ್ ತಂತಿಯನ್ನು ಎಳೆದು ಎಂಜಿನ್ ಕೂಗಿಸಿ ನೋಡಿದ. "ಗುಂಡುಕಲ್ಲಿನ ಹಾಗಿದೆ ಮೇಡಂ. ದಿಬ್ಬ ಹತ್ತಲ್ಲ ಅಂದ್ರೆ ಅದರ ಹಣೆಬರಹ."

ಹಣೆಬರಹ ಓದುವುದು ನನ್ನ ವಿಷಯವಲ್ಲ. ನಾನು ಕಲಿಸುವುದು ಪ್ರಾಣಿಶಾಸ್ತ್ರ. ಶ್ವಾಸಾಂಗಗಳ ಪಾಠವನ್ನು ನಿದ್ದೆಯಲ್ಲೂ ಮಾಡಬಲ್ಲೆ. ಬಾನೆಟ್ ಕೆಳಗೆ ಒಂದು ಕಪ್ಪು ಪೆಟ್ಟಿಗೆ ಇತ್ತು. ಎಂಜಿನ್ ಉಸಿರೆಳೆಯುವುದು ಅದರ ಮೂತಿಯಿಂದ. ಮೂತಿಯೊಳಗೆ ಎರಡೇ ಬೆರಳು ಹಿಡಿಸಿದವು. ಇಷ್ಟು ದೊಡ್ಡ ಎದೆಗೆ ಇಲಿಯ ಮೂಗು! ರೋಗ ಸಿಕ್ಕಿತು. ವಿಡಿಯೋ ಒಂದರಲ್ಲಿ ಒಬ್ಬ ಮಹಾನುಭಾವ ಇಂಥದೇ ಪೆಟ್ಟಿಗೆಯನ್ನು ಕಿತ್ತೆಸೆದು, ಅಗಲವಾದ ಪೈಪು, ಅದರ ತುದಿಗೆ ಶಂಕುವಿನಂಥ ಫಿಲ್ಟರ್ ಜೋಡಿಸಿ ಹಾರಿಹೋಗಿದ್ದ. ಫಿಲ್ಟರ್ ತರಿಸಿದೆ. ಕೆಂಪಗೆ, ಬಿರಿಯಲಿರುವ ದಾಸವಾಳದ ಮೊಗ್ಗಿನ ಹಾಗಿತ್ತು. ಪೈಪು ಮಾತ್ರ ಬರಲಿಲ್ಲ.

ಆಗ ನನ್ನ ಕಣ್ಣು ಬಿದ್ದದ್ದು ಆನೆಯ ಮೇಲೆ.

ಆನೆ ಎಂದರೆ ಅತ್ತೆಯ ವ್ಯಾಕ್ಯೂಮ್ ಕ್ಲೀನರ್. ಬೂದು ಬಣ್ಣ, ದುಂಡು ಹೊಟ್ಟೆ, ಉದ್ದ ಸೊಂಡಿಲು. ಅದನ್ನು ಅವರು ಬಿಟ್ಟು ಬೇರೆ ಯಾರೂ ಮುಟ್ಟುವಂತಿಲ್ಲ. ಕೆಲಸ ಮುಗಿದ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿ ಮೂಲೆಯಲ್ಲಿ ಮಲಗಿಸುತ್ತಾರೆ. ಶನಿವಾರ ಮಧ್ಯಾಹ್ನ ಅತ್ತೆ ನಿದ್ದೆಯಲ್ಲಿದ್ದಾಗ ಹೊದಿಕೆ ಸರಿಸಿದೆ. ಒಂದೂವರೆ ಮೊಳ ಮಾತ್ರ ಕತ್ತರಿಸಿದೆ! ಉಳಿದ ಮೋಟು ಸೊಂಡಿಲನ್ನು ಒಳಗೆ ಮಡಚಿ, ಮತ್ತೆ ಹೊದಿಸಿ, ಕಳ್ಳಬೆಕ್ಕಿನ ಹಾಗೆ ಹೊರಬಂದೆ.

ಎರಡು ಗಂಟೆ, ನಾಲ್ಕು ಕ್ಲಿಪ್ಪು, ಒಂದು ಸುರುಳಿ ಟೇಪು. ಕೀಲಿ ತಿರುಗಿಸಿದೆ. ಅಬ್ಬಾ, ಆ ಗರ್ಜನೆ! ಪಕ್ಕದ ಮನೆಯ ನಾಯಿ ಮಂಚದ ಕೆಳಗೆ ಸೇರಿತಂತೆ. ಆ ಮನೆಯಾಕೆ ಗೋಡೆಯ ಮೇಲಿಂದ ಇಣುಕಿದರು.

"ಟ್ರ್ಯಾಕ್ಟರ್ ತಗೊಂಡ್ರಾ?"

"ಅದೇ ಕಾರು. ಈಗ ಸರಿಯಾಗಿ ಉಸಿರಾಡ್ತಿದೆ."

"ಎಲ್ಲರಿಗೂ ಕೇಳಿಸೋ ಹಾಗೆ ಉಸಿರಾಡಬೇಕಾ?"

ಭಾನುವಾರ ಬೆಳಿಗ್ಗೆ, ಕಾರಿನ ಪರೀಕ್ಷೆಗೆ ಸಾಕ್ಷಿಯಾಗಲೆಂದು ನಾನೇ ಕರೆಸಿದ್ದ ಅಪ್ಪ ಬಸ್ಸಿಳಿದು ಬಂದರು. ಗುಜರಿಯವನೂ ತನ್ನ ಟೆಂಪೋವನ್ನು ನಮ್ಮ ಗೇಟಿನೆದುರು ನಿಲ್ಲಿಸಿ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಕಾಯತೊಡಗಿದ. ಅಪ್ಪ ನನ್ನ ಪಕ್ಕ, ನನ್ನವರೂ ಅತ್ತೆಯೂ ಹಿಂದೆ. ಅತ್ತೆ ಅಭ್ಯಾಸಬಲದಿಂದ ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟೇ ಕೂತರು.

"ಇದೇನು ಪುಟ್ಟೀ, ಈ ಶಬ್ದ?" ಅಪ್ಪನ ಹುಬ್ಬು ಗಂಟಾಯಿತು.

"ಆಮೇಲೆ ಹೇಳ್ತೀನಿ ಅಪ್ಪ. ನೋಡ್ತಾ ಇರಿ!"

ದಿಬ್ಬದ ಬುಡ ದಾಟಿತು. ತಿರುವು ದಾಟಿತು. ಸಿಂಹದ ಗರ್ಜನೆ, ಆಮೆಯ ನಡಿಗೆ. ಆದರೂ ನಡೆಯುತ್ತಿತ್ತು! ಟ್ಯಾಂಕಿನ ನೆತ್ತಿ ಕಂಡಿತು. ಅಷ್ಟರಲ್ಲಿ ಗರ್ಜನೆ ಸೊರಗಿ, ಸ್ಟ್ರಾ ಹಾಕಿ ಲೋಟದ ತಳ ಹೀರಿದಂಥ ಸುರ್ ಸುರ್ ಸದ್ದಾಯಿತು. ನಾನು ಒತ್ತಿದಷ್ಟೂ ಅದು ಕುಗ್ಗಿತು. ಒಮ್ಮೆ ಬಿಕ್ಕಳಿಸಿತು. ನಿಂತಿತು.

ಬಾಗಿಲು ತೆರೆದ ಸದ್ದು ಕೇಳಿಸಿತು. ಅತ್ತೆ ಇಳಿದಿದ್ದರು.

ಅಪ್ಪನೂ ಇಳಿದು ಬಾನೆಟ್ ಎತ್ತಿದರು. ಎಂಜಿನ್ನಿನ ಕಾವಿಗೆ ಪೈಪು ಮೆತ್ತಗಾಗಿ, ತನ್ನದೇ ಉಸಿರಿನ ಸೆಳೆತಕ್ಕೆ ಒಣ ಬಾಳೆಲೆಯ ಹಾಗೆ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಮೂಗು ಅಗಲವಾಗಲೆಂದು ಹೊರಟವಳು ಕತ್ತು ಹಿಸುಕಿದ್ದೆ. ಅತ್ತೆ ಹತ್ತಿರ ಬಂದು, ಬಗ್ಗಿ, ಆ ಬೂದು ಬಣ್ಣವನ್ನು ದಿಟ್ಟಿಸಿದರು.

"ಇದು… ನನ್ನ ಆನೆದಲ್ವೇನೇ?"

ನಾನು ಟ್ಯಾಂಕಿನ ಕಡೆ ನೋಡಿದೆ. ಟ್ಯಾಂಕು ಯಾವ ಸಹಾಯವನ್ನೂ ಮಾಡಲಿಲ್ಲ.

"ಸೊಂಡಿಲು ಕತ್ತರಿಸುವಾಗ ಕೈ ನಡುಗಲಿಲ್ವಾ?"

"ನಡುಗಿತು ಅತ್ತೆ. ಅದಕ್ಕೇ ಸ್ವಲ್ಪ ಸೊಟ್ಟಗಾಗಿದೆ."

ಕಾರನ್ನು ಹಿಮ್ಮುಖವಾಗಿ, ಬ್ರೇಕ್ ಹಿಡಿದು ಹಿಡಿದು ದಿಬ್ಬ ಇಳಿಸಿದೆ. ಎಂಜಿನ್ನಿನ ಸದ್ದಿಲ್ಲ. ಚಕ್ರದ ಕೆಳಗೆ ಜಲ್ಲಿಕಲ್ಲು ಕರಕರ ಎನ್ನುವುದಷ್ಟೇ. ಏಳು ವರ್ಷದ ಹಿಂದೆ ಅಂಗೈಯಲ್ಲಿಟ್ಟ ಕೀಲಿಯ ತಂಪು ನೆನಪಾಯಿತು. ಕೆಳಗೆ ಗುಜರಿಯವನು ನಮ್ಮನ್ನು ಕಂಡು ಹಗ್ಗ ಬಿಚ್ಚತೊಡಗಿದ.

"ಸ್ವಲ್ಪ ತಡಿಯಪ್ಪ" ಎಂದರು ಅಪ್ಪ. "ಪುಟ್ಟೀ, ಹಳೇ ಪೆಟ್ಟಿಗೆ ತಗೊಂಡು ಬಾ."

ಪೆಟ್ಟಿಗೆ ತಾರಸಿಯ ಮೇಲಿತ್ತು. ಅಷ್ಟರಲ್ಲಾಗಲೇ ಅತ್ತೆ ಅದರಲ್ಲಿ ಬಟ್ಟೆ ಕ್ಲಿಪ್ಪು ತುಂಬಿದ್ದರು. ಸುರಿದು ತಂದೆ. ಅಪ್ಪ ಹತ್ತೇ ನಿಮಿಷದಲ್ಲಿ ಅದನ್ನು ಮೊದಲಿನ ಜಾಗದಲ್ಲಿ ಕೂರಿಸಿ, ಕೈ ಒರೆಸಿಕೊಳ್ಳುತ್ತಾ ಕೇಳಿದರು:

"ಮೂಗು ಸರಿಯಾಗೇ ಇದೆ. ದಿಬ್ಬದಲ್ಲಿ ಆಕ್ಸಿಲರೇಟರ್ ಎಷ್ಟು ಒತ್ತಿದ್ದೆ?"

"ಪೂರ್ತಿ ಅಪ್ಪ. ನೆಲ ಮುಟ್ಟೋವರೆಗೆ. ಯಾವಾಗಲೂ ಪೂರ್ತೀನೇ ಒತ್ತೋದು."

ಅಪ್ಪನ ಕೈ ಒರೆಸುವುದು ನಿಂತಿತು. ಮುಖದಲ್ಲಿ ಏನೋ ಬಂದು ಹೋಯಿತು. ಅವರು ಡ್ರೈವರ್ ಸೀಟಿನ ಬದಿಗೆ ಮಂಡಿಯೂರಿ, ಪೆಡಲಿನ ಕೆಳಗಿನ ಮ್ಯಾಟನ್ನು ಕಿತ್ತು, ಒಳಗೆ ಕೈಹಾಕಿ ಒಂದು ಮರದ ತುಂಡನ್ನು ಎಬ್ಬಿಸಿದರು. ಎರಡಂಗುಲ ದಪ್ಪ. ಅಂಚುಗಳನ್ನು ಉಪ್ಪುಕಾಗದದಿಂದ ನುಣ್ಣಗೆ ಉಜ್ಜಲಾಗಿತ್ತು. ಅದರ ಮೇಲೆ ಪೆನ್ಸಿಲ್ಲಿನಲ್ಲಿ, ಅಪ್ಪನದೇ ಅಕ್ಷರ: "ಮೂರು ತಿಂಗಳ ನಂತರ ತೆಗೆಯುವುದು."

"ನೀನು ಆಗ ಹೊಸಬಳು. ಜೋರಾಗಿ ಹೋಗಿಬಿಟ್ಟೀಯ ಅಂತ ಹೆದರಿಕೆ. ಪೆಡಲ್ ಅರ್ಧಕ್ಕೇ ನಿಲ್ಲಲಿ ಅಂತ ಇಟ್ಟೆ. ಆಮೇಲೆ… ಮರೆತೇ ಹೋಯ್ತು ಪುಟ್ಟೀ."

"ಏಳು ವರ್ಷ, ಅಪ್ಪ?"

"ನಿನ್ನ ಮೇಲೆ ಒಂದು ದೂರೂ ಬರಲಿಲ್ಲ. ಒಳ್ಳೇ ಡ್ರೈವರ್ ಆಗಿದಾಳೆ ಅಂದ್ಕೊಂಡೆ."

ಹುಟ್ಟಿನಿಂದ ಬಂದ ನನ್ನ ತಾಳ್ಮೆ ಅಪ್ಪನ ಅಂಗೈ ಮೇಲೆ ಮಲಗಿತ್ತು. ನನ್ನವರು ಕೆಮ್ಮಿದರು. ಅದು ನೆಗಡಿಯ ಕೆಮ್ಮಲ್ಲ ಎಂದು ನನಗೆ ಗೊತ್ತು.

"ಕೂತ್ಕೊ. ಈಗ ಮೆಲ್ಲಗೆ ಒತ್ತು" ಎಂದರು ಅಪ್ಪ.

ಮೆಲ್ಲಗೆ! ನನ್ನ ಬಲಗಾಲಿಗೆ ಏಳು ವರ್ಷದಿಂದ ಗೊತ್ತಿದ್ದದ್ದು ಒಂದೇ ವಿದ್ಯೆ. ಗೇರು ಹಾಕಿದೆ. ಒತ್ತಿದೆ. ನೆಲ ಮುಟ್ಟುವವರೆಗೆ. ಮುದಿ ಎಮ್ಮೆ ಕುದುರೆಯಾಗಿ ನೆಗೆಯಿತು, ನಾನು ಬ್ರೇಕನ್ನು ನೆನಪಿಸಿಕೊಳ್ಳುವಷ್ಟರಲ್ಲಿ ಗುಜರಿ ಟೆಂಪೋದ ಮುಂದಿನ ದೀಪ ಚೂರುಚೂರಾಗಿ ಉದುರಿತು.

ಗುಜರಿಯವನು ಹಗ್ಗ ಹಿಡಿದೇ ನಿಂತಿದ್ದ. "ಮೇಡಂ, ನಿಮ್ಮ ಗಾಡಿ ಒಯ್ಯೋಕೆ ನಾನು ಬಂದ್ರೆ, ನೀವು ನನ್ನ ಗಾಡೀನೇ ಗುಜರಿ ಮಾಡ್ತೀರಲ್ಲ!"

ನನ್ನವರು ಬಂದು ಒಡೆದ ದೀಪವನ್ನೂ ನನ್ನ ಕಾರನ್ನೂ ನೋಡಿದರು. ಕಾರಿಗೆ ಗೀರೂ ಬಿದ್ದಿರಲಿಲ್ಲ. "ದಿಬ್ಬ ಹತ್ತೋದಂತೂ ಖಂಡಿತ" ಎಂದರು ಮೆಲ್ಲಗೆ. "ಇದನ್ನ ಕೊಡಲ್ಲಪ್ಪ. ನಿನ್ನ ದೀಪ ನಾನು ಹಾಕಿಸಿಕೊಡ್ತೀನಿ."

ಕಾರು ಉಳಿಯಿತು. ನಾನು ಇಳಿದೆ. ಅಪ್ಪ ಮರದ ತುಂಡನ್ನು ಜೇಬಿಗಿಳಿಸುತ್ತಿದ್ದರು. ಅವರ ಮುಂದೆ ಅಂಗೈ ಚಾಚಿದೆ.

"ಮತ್ತೆ ಇಡಬೇಕಾ?"

"ಇಡಿ ಅಪ್ಪ."

ಅಪ್ಪ ಗುಜರಿಯವನ ಕಿವಿಯಿಂದ ಪೆನ್ಸಿಲ್ ತೆಗೆದುಕೊಂಡು ಹಳೆಯ ಸಾಲನ್ನು ಹೊಡೆದುಹಾಕಿದರು. "ಈ ಸಲ ಎಷ್ಟು ತಿಂಗಳು ಅಂತ ಬರೀಲಿ?"

ಬಾಗಿಲಲ್ಲಿ ಮೋಟು ಸೊಂಡಿಲಿನ ಆನೆಯನ್ನು ತಬ್ಬಿಕೊಂಡು ನಿಂತಿದ್ದ ಅತ್ತೆ ಅಲ್ಲಿಂದಲೇ ಕೂಗಿ ಹೇಳಿದರು:

"ಏನೂ ಬರೀಬೇಡಿ ಬೀಗರೇ, ಹಾಗೇ ಇಟ್ಟುಬಿಡಿ. ನಂಗೆ ನಡೆದು ಅಭ್ಯಾಸ ಇದೆ!"