ಬಂಡೆ ಮೇಲಿನ ಮೇಡಮ್ಮ

ಟೀಚರ್ ಕೆಲಸದಲ್ಲಿ ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಗಿನ ಪ್ರಾರ್ಥನೆಗೆ ಮಕ್ಕಳ ಜೊತೆ ಅದೂ ಸಾಲಿನಲ್ಲಿ ಬಂದು ನಿಂತಿರುತ್ತದೆ. ನಾನು ಸತ್ತೇಗಾಲದ ಹತ್ತಿರದ ಹಳ್ಳಿಯವಳು. ಗದ್ದೆ ಕೆಸರು ತುಳಿದುಕೊಂಡೇ ಓದಿ, ಕೊಳ್ಳೇಗಾಲದಲ್ಲಿ ಟ್ರೈನಿಂಗ್ ಮುಗಿಸಿ ಟೀಚರಾದೆ. ಹಳ್ಳಿ ಮಕ್ಕಳ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನುವ ಧೈರ್ಯ ಇತ್ತು. ಆ ಧೈರ್ಯ ಏನಾಯಿತು ಅಂತ ಕೇಳಿ.

ಯಾರಿಗೂ ಬೇಡದ ಪಾಲು

ಮೊದಲ ಪೋಸ್ಟಿಂಗ್ ಗೋಪಿನಾಥಂ ಕಡೆಯ ಒಂದು ಊರಿಗೆ. ಮಕ್ಕಳಿಗೆ ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಭಿನ್ನರಾಶಿ ಪಾಠ ಶುರು ಮಾಡಿದೆ.

"ಒಂದು ಹಲಸಿನ ಹಣ್ಣಿದೆ. ನಾಲ್ಕು ಜನ ಇದ್ದೀರಿ. ಒಬ್ಬೊಬ್ಬರಿಗೆ ಎಷ್ಟು ಪಾಲು?"

ಮಕ್ಕಳು ಮುಖ ಮುಖ ನೋಡಿಕೊಂಡರು. ಒಬ್ಬಳು ಎದ್ದು, "ನಂಗೆ ಪಾಲು ಬೇಡ ಮಿಸ್" ಅಂದಳು. ಪಕ್ಕದವನು, "ನಂಗೂ ಬೇಡ ಮಿಸ್." ಉಳಿದ ಇಬ್ಬರೂ ತಲೆಯಾಡಿಸಿದರು.

ನನಗೆ ಕಣ್ಣು ತುಂಬಿ ಬಂತು. ನಮ್ಮ ಮನೆಯಲ್ಲಿ ಹಲಸಿನ ಹಣ್ಣು ಕುಯ್ದರೆ ಅಣ್ಣತಮ್ಮಂದಿರು ಕೈಕೈ ಮಿಲಾಯಿಸುತ್ತಿದ್ದರು. ಈ ಮಕ್ಕಳದು ಎಂಥ ದೊಡ್ಡ ಮನಸ್ಸು! "ಹಾಗೆಲ್ಲ ಬಿಟ್ಟುಕೊಡಬಾರದು. ನಿಮ್ಮ ನಿಮ್ಮ ಪಾಲು ನೀವು ತಗೊಳ್ಳಲೇಬೇಕು" ಅಂತ ಜೋರು ಮಾಡಿದೆ.

ಮೊದಲನೆಯವಳು ಅಳುವುದೊಂದು ಬಾಕಿ. "ಹಲಸಿನ ಪಾಲು ಕುಡುದ್ರೆ ಬಾಯಿ ಅಂಟ್ಕಂಬುಡ್ತದೆ ಮಿಸ್!"

ಬಿಸಿಯೂಟ ಮಾಡುವ ಅಕ್ಕ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ತಮಿಳಿನಲ್ಲಿ ಪಾಲು ಅಂದರೆ ಹಾಲಂತೆ, ಹಲಸಿನಿಂದ ಸುರಿಯುವ ಅಂಟಿಗೂ ಅದೇ ಹೆಸರಂತೆ. ಅಂದರೆ ಹೊಸ ಟೀಚರು ಇಡೀ ತರಗತಿಗೆ ಹಲಸಿನ ಅಂಟು ಕುಡಿಯಿರಿ ಅಂತ ಗದರಿಸುತ್ತಾ ನಿಂತಿದ್ದಳು. ಅವತ್ತು ಬಾಯಿ ಅಂಟಿಕೊಂಡಿದ್ದು ನನ್ನದೇ.

ಒಲಿದರೆ ಸಾಕು

ಆಮೇಲೆ ಹನೂರಿನ ಕಡೆಗೆ ಬಂದೆ. ಊಟ ಮಾಡಿದ ಮಕ್ಕಳ ಲೆಕ್ಕವನ್ನು ದಿನಾ ಮೊಬೈಲಿನಲ್ಲೇ ಕಳಿಸಬೇಕು. ನೆಟ್‌ವರ್ಕ್ ಸಿಗುತ್ತಿದ್ದದ್ದು ಶಾಲೆಯ ಹಿಂದಿನ ಬಂಡೆಯ ನೆತ್ತಿಯಲ್ಲಿ ಮಾತ್ರ. ನಾನು ದಿನಾ ಬಂಡೆ ಹತ್ತಿ, ಮೊಬೈಲನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿ, ಕಣ್ಣು ಮುಚ್ಚಿ, "ಹೋಗಪ್ಪಾ, ಹೋಗು" ಅನ್ನುತ್ತಿದ್ದೆ.

ಒಂದು ಸೋಮವಾರ ನೋಡುತ್ತೇನೆ, ಬಂಡೆಗೆ ಅರಿಶಿನ ಕುಂಕುಮ, ಕಣಗಿಲೆ ಹೂವು! ಪಕ್ಕದಲ್ಲಿ ಒಬ್ಬ ಅಜ್ಜಿ ಊದುಕಡ್ಡಿ ಹಚ್ಚುತ್ತಾ ಕೂತಿದೆ.

"ಇದೇನಜ್ಜಿ?"

"ಓದ್ದೋರೇ ದಿನಾ ಕೈ ಎತ್ತಿ ಮುಗೀತಾರೆ ಅಂದ್ಮೇಕೆ ಸುಮ್ಕೆ ಅಲ್ಲ ಕಣವ್ವ."

"ಅಯ್ಯೋ ಅಜ್ಜಿ, ಇಲ್ಲಿ ದೇವರಿಲ್ಲ, ನೆಟ್‌ವರ್ಕ್ ಅದೆ!"

ಅಜ್ಜಿ ನನ್ನ ಕಾಲು ನೋಡಿ ಹೇಳಿತು: "ಯಾರಾದ್ರೇನವ್ವಾ, ಒಲಿದ್ರೆ ಸಾಕು. ಮೊದ್ಲು ಚಪ್ಲಿ ಬುಟ್ಟು ಅತ್ತು."

ಬಿಟ್ಟು ಹತ್ತಿದೆ. ಅವತ್ತು ಒಂದೇ ಸಲಕ್ಕೆ ಹೋಯಿತು.

ವಾಪಸ್ ಬಂದ ನದಿ

ಯಳಂದೂರಿನ ಕಡೆಯ ಶಾಲೆಯಲ್ಲಿದ್ದಾಗ ತಪಾಸಣೆಗೆ ಒಬ್ಬ ಸಾಹೇಬರು ಬಂದರು. ಮುಂದಿನ ಸಾಲಿನ ಹುಡುಗಿಯನ್ನು ಎಬ್ಬಿಸಿ, ಅಲ್ಲಿನ ನದಿಯ ಬಗ್ಗೆಯೇ ಕೇಳಿದರು: "ಸುವರ್ಣಾವತಿ ಗೊತ್ತಾ ಪುಟ್ಟಿ?"

"ಗೊತ್ತು ಸಾ."

"ಎಲ್ಲಿ ಹುಟ್ಟಿ ಎಲ್ಲಿಗೆ ಸೇರ್ತದೆ?"

"ನಮ್ಮೂರಲ್ಲೇ ಉಟ್ಟಿದ್ದು ಸಾ. ಕೊಳ್ಳೇಗಾಲ್ದ ತಾವು ಓಗಿ ಸೇರ್ಕತು."

"ಪರವಾಗಿಲ್ಲ, ಹತ್ತಿರ ಬಂದಿದ್ದೀಯ. ಆಮೇಲೆ?"

"ಆಮೇಲೆ ಗಂಡುನ್ ಜೊತೆ ಜಗ್ಳ ಆಡ್ಕಂಡು ವಾಪಸ್ ಬಂದ್ಬುಡ್ತು ಸಾ."

ನಮ್ಮ ಹೆಡ್‌ಮಾಸ್ಟರು ಕಿಟಕಿಯಾಚೆ ನೋಡತೊಡಗಿದರು. ಆ ಹುಡುಗಿಯ ಸೋದರತ್ತೆಯ ಹೆಸರೂ ಸುವರ್ಣಾವತಿ ಅಂತ ನಾನು ಸಾಹೇಬರಿಗೆ ಮೆಲ್ಲಗೆ ಹೇಳಿದೆ. ಅವರು ನಗು ತಡೆದುಕೊಂಡು ಮತ್ತೆ ಕೇಳಿದರು: "ಹಾಗಾದ್ರೆ ಈಗ ಎಲ್ಲಿ ಹರೀತಾ ಅದೆ?"

"ಎಲ್ಲೂ ಇಲ್ಲ ಸಾ. ಮನೇಲಿ ಟಿವಿ ನೋಡ್ತಾ ಕುಂತದೆ."

ಆನೆಗೆ ಸಾಕ್ಷಿ

ಇದು ರಾಮಾಪುರದ ಕಡೆಯ ಶಾಲೆಯಲ್ಲಿ ಆದದ್ದು. ಕಾಡಂಚಿನ ಊರು. ಯಾರು ತಡವಾಗಿ ಬಂದರೂ ಒಂದೇ ಉತ್ತರ: "ದಾರೀಲಿ ಆನೆ ಬಂದಿತ್ತು ಮಿಸ್." ಕೇಳಿ ಕೇಳಿ ಸಾಕಾಗಿ ಒಂದು ದಿನ ರೇಗಿದೆ.

"ನೀವು ಹೋಂವರ್ಕ್ ಮಾಡದೇ ಇರೋ ದಿನಾನೇ ಆನೆ ಬರ್ತದಾ? ಇನ್ಮೇಲೆ ಯಾರೇ ಆನೆ ಅಂದ್ರೂ ಅಪ್ಪನ್ನ ಕರ್ಕೊಂಡು ಬಂದು ಸಾಕ್ಷಿ ಹೇಳಿಸ್ಬೇಕು."

ಸ್ವಲ್ಪ ದಿನಕ್ಕೆ ನನ್ನ ಬಸ್ಸಿನ ಮುಂದೆಯೇ ಒಂದು ಹೆಣ್ಣಾನೆ ಮರಿ ಕರೆದುಕೊಂಡು ಬಂದು, ರಸ್ತೆ ನಡುವೆ ನಿಂತು ಬಿದಿರು ಮೇಯತೊಡಗಿತು. ಡ್ರೈವರು ಎಂಜಿನ್ ಆಫ್ ಮಾಡಿ ಎಲೆ ಅಡಿಕೆ ಹಾಕಿಕೊಂಡರು. ನಾನು ಶಾಲೆ ಮುಟ್ಟುವಾಗ ಎರಡನೇ ಪೀರಿಯಡ್ಡೂ ಮುಗಿದಿತ್ತು.

ಎರಡು ಜಡೆಯ ಲೀಡರ್ ಹುಡುಗಿ ಎದ್ದು ನಿಂತಳು. "ಯಾಕ್ ಮಿಸ್ ಲೇಟು?"

"ದಾರೀಲಿ ಆನೆ…" ಅಂದು ನಿಲ್ಲಿಸಿದೆ.

"ನಿಮ್ಮಪ್ಪನ್ನ ಕರ್ಕಂಡು ಬನ್ನಿ ಮಿಸ್."

ನಾನು ಮಾಡಿದ ರೂಲ್ಸನ್ನು ನಾನೇ ಮುರಿದರೆ ನಾಳೆಯಿಂದ ನನ್ನ ಮಾತು ಯಾರು ಕೇಳುತ್ತಾರೆ? ಅಪ್ಪನಿಗೆ ಫೋನ್ ಮಾಡಿದೆ. ಮಾರನೇ ದಿನ ಅಪ್ಪ ಬಿಳಿ ಪಂಚೆ ಉಟ್ಟು, ಹೆಗಲಿಗೆ ಹೊಸ ಟವೆಲ್ ಹಾಕಿ, ಮಕ್ಕಳಿಗೆ ಅಂತ ಎಳನೀರಿನ ಗೊನೆ ಹೊತ್ತುಕೊಂಡು ಸತ್ತೇಗಾಲದಿಂದ ಬಸ್ ಹತ್ತಿ ಬಂದೇಬಿಟ್ಟಿತು. ಕುರ್ಚಿಯ ಮೇಲೆ ಅಪ್ಪ, ಪಕ್ಕದಲ್ಲಿ ಕೈ ಕಟ್ಟಿ ನಿಂತ ನಾನು.

ಲೀಡರ್ ವಿಚಾರಣೆ ಶುರು ಮಾಡಿದಳು. "ತಾತ, ನಿಮ್ ಮಗಳು ಲೇಟಾಗ್ ಬಂದವ್ರೆ. ಆನೆ ಬಂದಿತ್ತು ಅಂತಾರೆ. ನಿಜ್ವಾ?"

ನಾನು ಅಪ್ಪನಿಗೆ ಕಣ್ಣಲ್ಲೇ 'ಹೂಂ ಅನ್ನು' ಅಂದೆ. ಅಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡು ನಿಧಾನಕ್ಕೆ ಬಾಯಿ ಬಿಟ್ಟಿತು.

"ಆನೆ ಇಸ್ಯ ನಂಗೊತ್ತಿಲ್ಲ ಕಣ್ರವ್ವಾ. ಚಿಕ್ಕೋಳಿದ್ದಾಗ ಲೇಟಾದ್ರೆ ಮೇಷ್ಟ್ರ ತಾವು, 'ದಾರೀಲಿ ಮೊಸಳೆ ಅಡ್ಡ ಬಂದಿತ್ತು ಸಾ' ಅನ್ನೋಳು. ಇಸ್ಕೂಲು ನಮ್ಮನೆ ಎದ್ರುಗೇ ಇತ್ತು. ನಡುವೆ ಒಂದು ಹುಲ್ಲು ಮೆದೆ ಬುಟ್ರೆ ಇನ್ನೇನೂ ಇರ್ನಿಲ್ಲ."

ಮಕ್ಕಳು ಬೆಂಚಿನಿಂದ ಕೆಳಗೆ ಬಿದ್ದು ನಕ್ಕರು. ಅಪ್ಪನೂ ನಕ್ಕಿತು. ನನಗೂ ತಡೆಯಲಾಗಲಿಲ್ಲ. ಲೀಡರ್ ಮಾತ್ರ ನಗಲಿಲ್ಲ. ಜಡೆ ಹಿಂದಕ್ಕೆ ಹಾಕಿಕೊಂಡು, ಥೇಟ್ ನನ್ನ ದನಿಯಲ್ಲೇ ತೀರ್ಪು ಕೊಟ್ಟಳು:

"ಆಯ್ತು ತಾತ. ನಿಮ್ಮ ಮೊಕ ನೋಡಿ ಇದೊಂದ್ ಸತಿ ಬುಟ್ಟಿದೀವಿ. ಓಗಿ ಮಿಸ್, ಕುಂತ್ಕಳಿ."