ಅಂಚಿನಲ್ಲಿ ಬರೆದ ಉತ್ತರ

ಪ್ರಶ್ನೆ ಬರೆಯುವುದು ನನ್ನ ಹೊಟ್ಟೆಪಾಡು. ಜನ ಕೇಳಿದೊಡನೆ ಬಾಯಿ ಮುಚ್ಚಿಕೊಳ್ಳುವಂಥ ಪ್ರಶ್ನೆ ಬರೆಯುವುದರಲ್ಲಿ ನನ್ನ ಕೈ ಪಳಗಿದೆ. ಆದ್ದರಿಂದಲೇ ಆರೋಗ್ಯ ಸಮೀಕ್ಷೆಯ ನಮೂನೆ ಅಚ್ಚಾಗುವ ಮೊದಲು ಆಫೀಸಿನವರು ನನ್ನನ್ನೇ ಹಳ್ಳಿಗೆ ಅಟ್ಟುತ್ತಾರೆ: ಹತ್ತು ಮನೆಯಲ್ಲಿ ಕೇಳಿ ನೋಡು, ಬೈಸಿಕೊಂಡು ಬಾ, ತಿದ್ದು. ಈ ಪ್ರಯೋಗದ ಹಾಳೆಗಳು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ತಿದ್ದುಪಡಿ ಮುಗಿದ ಮೇಲೆ ರದ್ದಿಗೆ.

ಆ ಸಲ ರಾಮನಗರದ ಹತ್ತಿರದ ಕೈಲಾಂಚದ ಕಡೆ ಹೋಗಿದ್ದೆ. 'ಜನಿಸಿದ ಮಕ್ಕಳೆಷ್ಟು? ಮೃತಪಟ್ಟವರೆಷ್ಟು?' ಎಂಬುದು ನನ್ನ ಏಳನೇ ಪ್ರಶ್ನೆ. ಬೆಳಗ್ಗೆಯೇ ಬಾಗಿಲಲ್ಲಿ ನಿಂತು ಸಾವಿನ ಲೆಕ್ಕ ಕೇಳುತ್ತೀಯಲ್ಲ, ನಿನ್ನನ್ನು ಹೆತ್ತವರು ಬುದ್ಧಿ ಹೇಳಿಲ್ಲವೇ ಎಂದು ಮೊದಲ ಮನೆಯ ಮುದುಕ ವಿಚಾರಿಸಿದ. ಅವತ್ತಿಗೆ ಅಷ್ಟೇ ಸಾಕೆಂದು ಹೊರಟು, ಬಸ್ಸಿಗೆ ಕಾಯುತ್ತಲೇ ಆ ಪ್ರಶ್ನೆಯನ್ನು ಕೊನೆಗೆ ತಳ್ಳಿ, 'ಮೃತಪಟ್ಟ' ಹೊಡೆದು 'ತೀರಿಕೊಂಡ' ಎಂದು ಬರೆದೆ. ಮರುದಿನ ಯಾರೂ ಬೈಯಲಿಲ್ಲ. ಎಂಟು ಮನೆಗಳಲ್ಲಿ ಒಂದು ಮಗುವೂ ತೀರಿಕೊಂಡಿರಲಿಲ್ಲ. ಎಂಥ ಪುಣ್ಯವಂತ ಊರು ಎಂದು ನಾನು ಹಿಗ್ಗಿದೆ.

ಹತ್ತನೆಯದು ಜಯಮ್ಮನ ಮನೆ. ಆಕೆ ರೇಷ್ಮೆ ಹುಳುಗಳಿಗೆ ಸೊಪ್ಪು ಹೆಚ್ಚುತ್ತಿದ್ದಳು. ಇಲ್ಲ, ರಾಗಿ ಕೇರುತ್ತಿದ್ದಳು. ನನ್ನ ನೆನಪು ಒಂದೊಂದು ಸಲ ಆಕೆಯ ಕೈಗೆ ಒಂದೊಂದು ಕೆಲಸ ಕೊಡುತ್ತದೆ, ನಂಬಬೇಡಿ. ಮಾತನ್ನು ಮಾತ್ರ ಬರೆದುಕೊಂಡಿದ್ದೇನೆ. ಇಬ್ಬರು ಮಕ್ಕಳು, ತೀರಿಕೊಂಡವರು ಯಾರೂ ಇಲ್ಲ ಎಂದಳು. ನಾನು ಪೆನ್ನು ಮುಚ್ಚಿದ ಮೇಲೆ ಕೇಳಿದಳು:

"ಹೆಸ್ರು ಇಡಾಕ್ ಮುಂಚೆ ಹೋದ್ರೆ ಅದ್ನೂ ಬರ್ಕತೀರಾ ಸಾ?"

"ಹುಟ್ಟಿದಾಗ ಅತ್ತಿತ್ತೇನಮ್ಮಾ?" ಅತ್ತಿದ್ದರೆ ಮಾತ್ರ ಅದು ನಮ್ಮ ಲೆಕ್ಕದಲ್ಲಿ ಜೀವಂತ ಹುಟ್ಟಿದ ಮಗು.

"ಒಸಿ ಅತ್ತಿತ್ತು. ಹೆಸ್ರಿಲ್ದೇ ಇರದ್ನ ನಮ್ ಕಡೆ ಲೆಕ್ಕಕ್ಕೆ ಹಿಡ್ಯಾಕಿಲ್ಲ. ನೀವು ಬರ್ಕಳಿ. ಎಲ್ಲಾದ್ರೂ ಒಂದ್ಕಡೆ ಇರ್ಲಿ."

ಅದಕ್ಕೆ ಕಾಲಂ ಇರಲಿಲ್ಲ. ಅಂಚಿನಲ್ಲಿ ಬರೆದೆ. ಬರೆದು ಮುಗಿಯುವವರೆಗೂ ಆಕೆ ಪೆನ್ನನ್ನೇ ನೋಡುತ್ತಿದ್ದಳು. ಈ ಹಾಳೆ ರದ್ದಿಗೆ ಹೋಗುವುದೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

'ಹುಟ್ಟಿ ಅತ್ತು, ಹೆಸರಿಡುವ ಮೊದಲೇ ಹೋದ ಮಗು ಏನಾದರೂ ಇತ್ತೇ?' ಎಂದು ಪ್ರಶ್ನೆ ತಿದ್ದಿದೆ. ಆಫೀಸಿನ ಸಾಹೇಬರು ಮೆಚ್ಚಿದರು. ಆ ಹುಮ್ಮಸ್ಸಿನಲ್ಲಿ ರಾಮನಗರದ ನಮ್ಮ ಮನೆಯಲ್ಲೇ ಇನ್ನೊಂದು ಪ್ರಯೋಗ ಮಾಡಿದೆ. ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಕೈ ನಿಲ್ಲಿಸದೆ ಹೇಳಿದಳು:

"ನಿನ್ಗಿಂತ ಮುಂಚೆ ಒಂದು ಗಂಡು ಹುಟ್ಟಿತ್ತು ಕಣಪ್ಪ. ಇಷ್ಟ್ ವರ್ಸ ಯಾರೂ ಕೇಳ್ಲಿಲ್ಲ."

ಹಿರಿಮಗನೆಂಬ ಒಂದೇ ಅಧಿಕಾರದ ಮೇಲೆ ತಮ್ಮನ ಕಿವಿ ಹಿಂಡಿದವನು, ದೊಡ್ಡ ಮುದ್ದೆ ಕಿತ್ತುಕೊಂಡವನು, ಅವನ ಮದುವೆಯಲ್ಲಿ ಎಲ್ಲರಿಗಿಂತ ಮುಂದೆ ಕೂತವನು ನಾನು. ಅಮ್ಮನ ಉತ್ತರವನ್ನು ಬರೆದೆ, ಅಂಚಿನಲ್ಲೇ. ಆ ಹಾಳೆಯನ್ನೂ ಜಯಮ್ಮನದನ್ನೂ ರದ್ದಿಯಿಂದ ಕದ್ದು ನನ್ನ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಜಯಮ್ಮ ಹೇಳಿದ 'ಎಲ್ಲಾದರೂ ಒಂದು ಕಡೆ' ಎಂದರೆ ಸದ್ಯಕ್ಕೆ ಆ ಪೆಟ್ಟಿಗೆ, ಅಷ್ಟೇ. ತಮ್ಮ ಈಗಲೂ ನನ್ನನ್ನು ದೊಡ್ಡಣ್ಣ ಎನ್ನುತ್ತಾನೆ. ಅದನ್ನು ನಾನಿನ್ನೂ ತಿದ್ದಿಲ್ಲ.