ಬೂಷ್ಟಿಗೆ ಹೊಡೆದ ಬೋರ್ಡೋ

ವಯಸ್ಸಾದಂತೆ ತಿಳಿವಳಿಕೆ ಬರುತ್ತದೆ ಎನ್ನುವವರು ನನ್ನನ್ನು ನೋಡಿಲ್ಲ. ಎಸ್ಸೆಲ್ಸಿ ಮುಗಿಸಿದ ಮೇಲೆ ಮೂವತ್ತು ವರ್ಷ ಅಡಿಕೆ ತೋಟಗಳಿಗೆ ಬೋರ್ಡೋ ಹೊಡೆಸುವ ಗುತ್ತಿಗೆ ಮಾಡಿದವನು ನಾನು. ಮೈಲುತುತ್ತ, ಸುಣ್ಣ ಕಲಸಿದ ಆ ನೀಲಿ ನೀರಿನಿಂದ ಕೊಳೆ ರೋಗವನ್ನು ಕೊಲ್ಲುವುದೇ ನನ್ನ ಕಸುಬು. ಹಾಗಾಗಿ ಬೂಷ್ಟು ಎಲ್ಲಿ ಕಂಡರೂ ಕೈ ತುರಿಸುತ್ತದೆ. ಚೂರು ಬಿಳಿ ಕಂಡಿತೆಂದು ಹೆಂಡತಿ ಸರಸು ಹಾಕಿದ್ದ ಮಾವಿನ ಉಪ್ಪಿನಕಾಯಿಯನ್ನು ಭರಣಿ ಸಮೇತ ಎಸೆದು, ಆ ವರ್ಷವೆಲ್ಲ ಸಪ್ಪೆ ಮೊಸರನ್ನ ತಿಂದಿದ್ದೇನೆ.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮ ಪಕ್ಕದ ಮನೆಯ ಶಾಹಿದಾ ಹಿತ್ತಲಲ್ಲಿ ಬದನೆ ಬೆಳೆದು ಮಾರುತ್ತಾಳೆ. ಮಗಳ ಬಾಣಂತನಕ್ಕೆಂದು ಹೊರಟವಳು ನನ್ನನ್ನು ಕರೆದು, "ಹುಳಕ್ಕೆ ಔಷಧಿ ಹೊಡೆದಿದ್ದೀನಿ ರಾಜಣ್ಣ. ನೀವು ಬರೀ ನೀರು ಬಿಡಿ, ಬೇರೇನೂ ಮುಟ್ಟಬೇಡಿ" ಎಂದಳು.

ಆರನೆಯ ದಿನ ನೋಡಿದರೆ ಎಲೆಗಳ ಮೇಲೆ ಹುಳುಗಳು ಸತ್ತು ಅಂಟಿಕೊಂಡಿವೆ, ಮೈತುಂಬ ಬಿಳಿ ಬೂಷ್ಟು! ಹುಳಕ್ಕೇ ಹಿಡಿದ ರೋಗ ಗಿಡವನ್ನು ಬಿಟ್ಟೀತೇ? ಅಟ್ಟದಿಂದ ಹಳೆಯ ಪಂಪು ಇಳಿಸಿ, ಎಲೆ ಹಿಂದೆ ಮುಂದೆ ತೊಯ್ಯುವಂತೆ ಬೋರ್ಡೋ ಹೊಡೆದೆ. ಆಮೇಲೆ 'ಮುಟ್ಟಬೇಡಿ' ಎಂದದ್ದು ನೆನಪಾಗಿ, ಒದ್ದೆ ಬಟ್ಟೆ ಹಿಡಿದು ಒಂದೊಂದೇ ಎಲೆಯ ನೀಲಿ ಒರೆಸಿದೆ. ಮಗುವಿಗೆ ಕೂಡ ನಾನು ಅಷ್ಟು ನಾಜೂಕಾಗಿ ಮುಖ ಒರೆಸಿದವನಲ್ಲ.

ಶಾಹಿದಾ ಬರುವ ಹೊತ್ತಿಗೆ ಹುಳುಗಳು ಮತ್ತೆ ಸಂಸಾರ ಹೂಡಿದ್ದವು. "ಗಾಂಧಿ ಬಜಾರಿನ ಅಂಗಡಿಯವನು ಡೂಪ್ಲಿಕೇಟ್ ಕೊಟ್ಟಿದ್ದಾನೆ! ಹುಳಕ್ಕೆ ಬೂಷ್ಟು ಹಿಡಿಸಿ ಸಾಯಿಸೋ ಪುಡಿಯಂತೆ. ಎಲ್ಲಿದೆ ಬೂಷ್ಟು? ನಾಳೆ ಶಿವಮೊಗ್ಗಕ್ಕೆ ಹೋಗಿ ಅವನ ಮಾನ ಕಳೀತೀನಿ. ನೀವೇ ಸಾಕ್ಷಿ ಹೇಳ್ಬೇಕು ರಾಜಣ್ಣ!"

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೂ ಬೆವೆತೆ. ಹೇಳಿಬಿಡೋಣವೆಂದು ಬಾಯಿ ತೆರೆದಾಗಲೆಲ್ಲ ಬಂದದ್ದು ಆಕಳಿಕೆ.

ಅಂಗಡಿಯವನು ಪಾಪ, ಮೆತ್ತಗೆ ಕೇಳಿದ: "ಇದು ಜೀವ ಇರೋ ಬೂಷ್ಟಿನ ಪುಡಿ ಅಮ್ಮ. ಮೇಲಿಂದ ಬೋರ್ಡೋ ಗೀರ್ಡೋ ಏನಾದ್ರೂ ಹೊಡೆದ್ರಾ?"

"ನಾನ್ಯಾಕೆ ಹೊಡೀಲಿ? ಬೇಕಾದ್ರೆ ಇವ್ರನ್ನೇ ಕೇಳಿ!"

ಅಂಗಡಿಯಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ಸುಮ್ಮನಿದ್ದರೆ ಅವನು ಕಳ್ಳ, ಬಾಯಿಬಿಟ್ಟರೆ ನಾನು. ತಲೆ ತಗ್ಗಿಸಿದೆ. ಚಪ್ಪಲಿಯ ಮೇಲಿನ ನೀಲಿ ಕಲೆ ನನ್ನನ್ನೇ ನೋಡುತ್ತಿತ್ತು.

"ಹೊಡೆದವನು ನಾನೇ" ಎಂದೆ.

"ಯಾ ಅಲ್ಲಾ! ಔಷಧಿಗೇ ಔಷಧಿ ಹೊಡೆದ್ರಾ ಮಾರಾಯ್ರೇ?"

ಅವಳು ಅಂಗಡಿಯವನ ಕ್ಷಮೆ ಕೇಳಿ ಹೊಸ ಪೊಟ್ಟಣ ಕೊಂಡಳು. ಬಿಸಿಲು ತಾಗಿದರೆ ಅದು ಸಾಯುತ್ತದೆಂದು ಅವನು ಹೇಳಿದ್ದರಿಂದ ಬಸ್‌ಸ್ಟ್ಯಾಂಡಿನವರೆಗೂ ಕೊಡೆಯನ್ನು ಪೊಟ್ಟಣಕ್ಕೆ ಹಿಡಿದು ನಡೆದೆ. ನನ್ನ ಬೋಳುತಲೆ ಕಾದ ಕಾವಲಿಯಾಯಿತು. ಶಾಹಿದಾ ತಿರುಗಿ ನೋಡಿದಳು. "ಸ್ವಲ್ಪ ನಿಮ್ಮ ಕಡೆಗೂ ಹಿಡ್ಕೊಳ್ಳಿ ರಾಜಣ್ಣ, ನಿಮ್ಮಲ್ಲೂ ಜೀವ ಇದೆ."

ಮನೆಗೆ ಬಂದಾಗ ಸರಸು ಉಪ್ಪಿನಕಾಯಿ ಭರಣಿ ಮುಂದಿಟ್ಟುಕೊಂಡು ಕೂತಿದ್ದಳು. "ಮೇಲೆ ಬಿಳೀ ಬೂಷ್ಟು ಬಂದಂಗಿದೆ, ಎಸೀತೀರಾ?"

"ತಡಿ ಮಾರಾಯ್ತಿ" ಎಂದೆ. "ಶಾಹಿದಾನ ಕೇಳ್ಕೊಂಡು ಬರ್ತೀನಿ."